ನೀರುನಾಯಿ ಏನು ತಿಂದಿತು? ಕಾವೇರಿ ದಡದಲ್ಲಿ ಕಂಡುಹಿಡಿಯುವ ಬಗೆ

ಶ್ರೀರಂಗಪಟ್ಟಣದ ಹತ್ತಿರ ಹೊಳೆಯಲ್ಲಿ ಹರಿಗೋಲು ಹಾಕುವ ಹಿರಿಯರೊಬ್ಬರು ಒಂದು ದಿನ ಹರಿದ ಬಲೆಯನ್ನು ನನ್ನ ಮುಂದೆ ಹಿಡಿದರು. "ಮೇಷ್ಟ್ರೇ, ನೀರ್‌ನಾಯಿ ನಮ್ ಮೀನೆಲ್ಲಾ ತಿಂದಾಕ್ತದೆ ಅಂತ ನಾವಂತೀವಿ. ಹಂಗೇನಿಲ್ಲ ಅಂತ ನೀವಂತೀರಿ. ಅದು ಏನ್ ತಿಂತದೆ ಅಂತ ನೀವು ನೋಡಿದ್ದೀರಾ?" ಅಂದರು. ನಾನು ನೋಡಿರಲಿಲ್ಲ. ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವನು ನಾನು, ಮನೆಯಿಂದ ನಾಲ್ಕು ಕಿಲೋಮೀಟರ್ ದೂರದ ಪ್ರಾಣಿಯ ಊಟ ನನಗೆ ಗೊತ್ತಿರಲಿಲ್ಲ. ಅವರ ಪ್ರಶ್ನೆಗೆ ಉತ್ತರ ಹುಡುಕಲು ಹೊರಟು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೈಸೂರು, ಮಂಡ್ಯ ಕಡೆಯ ಕಾಲೇಜು ಹುಡುಗರು, ಮೇಷ್ಟರು, ಹೊಳೆಯನ್ನು ಪ್ರೀತಿಸುವ ಯಾರೇ ಆಗಲಿ ಇದನ್ನು ಮಾಡಬಹುದು.

ದಾರಿ ತೋರಿಸಿದ್ದು ದೂರದ ಸಮುದ್ರದ ಸೀಲ್ ಎಂಬ ಮೀನು ತಿನ್ನುವ ಪ್ರಾಣಿಗಳು. ನಮ್ಮ ದೇಶದ ಕಡಲಲ್ಲಿ ಸೀಲ್ ಇಲ್ಲ. ಆದರೆ ಸ್ಕಾಟ್ಲೆಂಡಿನ ಮೀನುಗಾರರಿಗೂ ಅಲ್ಲಿನ ಬೂದು ಸೀಲ್‌ಗಳಿಗೂ ಇರುವ ಜಗಳ ನಮ್ಮ ಹೊಳೆಯ ಜಗಳವೇ. ಸೀಲ್ ನೀರಿನೊಳಗೆ ಬೇಟೆಯಾಡುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಮೊದಲೆಲ್ಲ ಅದನ್ನು ಗುಂಡಿಟ್ಟು ಕೊಂದು ಹೊಟ್ಟೆ ಕೊಯ್ದು ನೋಡುತ್ತಿದ್ದರು. ಎಷ್ಟೋ ಸಲ ಆ ಹೊಟ್ಟೆ ಖಾಲಿ ಇರುತ್ತಿತ್ತು. ಆಮೇಲೆ ಅದು ದಡದಲ್ಲಿ ಬಿಟ್ಟುಹೋದ ಹಿಕ್ಕೆಯನ್ನು ತೊಳೆದು ಮೂಳೆ ಹೆಕ್ಕುವುದನ್ನು ಕಲಿತರು. ಹಾಗೆ ನೋಡಿದಾಗ ಕಾಡ್ ಜಾತಿಯ ಮೀನುಗಳ ಜೊತೆಗೆ ತುಂಬಾ ಸಿಕ್ಕಿದ್ದು ಸ್ಯಾಂಡೀಲ್ ಎಂಬ ಗೇಣುದ್ದದ, ಮರಳಲ್ಲಿ ಹುದುಗುವ ಮೀನು. ಅದೇ ಕೆಲಸವನ್ನು ನೀರುನಾಯಿಗೂ ಮಾಡಬಹುದು. ನೀರುನಾಯಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುತ್ತದಲ್ವಾ, ಅದರಿಂದ ನಮ್ಮ ಕೆಲಸ ಇನ್ನೂ ಸುಲಭ.

ಮೊದಲು ಅನುಮತಿ

ನಮ್ಮ ಕಡೆ ಹೊಳೆಯಲ್ಲಿ ಗುಂಪಾಗಿ ಕಾಣುವುದು ನುಣುಪು ಕೂದಲಿನ ದೊಡ್ಡ ನೀರುನಾಯಿ. ಪಶ್ಚಿಮ ಘಟ್ಟದ ತೊರೆಗಳಲ್ಲಿ ಇರುವ ಚಿಕ್ಕ ಉಗುರಿನ ನೀರುನಾಯಿ ಬೇರೆ. ಅದರ ಮುಖ್ಯ ಊಟ ಏಡಿ. ಎರಡಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ರಂಗನತಿಟ್ಟು 1940ರಿಂದಲೂ ಪಕ್ಷಿಧಾಮ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ ಇರುವುದು ಕಾವೇರಿ ವನ್ಯಜೀವಿಧಾಮದಲ್ಲಿ. ಇಂಥ ಕಡೆ ಹಿಕ್ಕೆ ಇರಲಿ, ಒಂದು ಗರಿ ಎತ್ತಿಕೊಳ್ಳಲೂ ಅನುಮತಿ ಬೇಕು. ಧಾಮದ ಹೊರಗಿನ ಹೊಳೆದಂಡೆಯಾದರೂ ಮೊದಲು ಅರಣ್ಯ ಇಲಾಖೆಯನ್ನು ಕೇಳಿ. ಬೆಂಗಳೂರಿನ ಮಲ್ಲೇಶ್ವರದ ಅರಣ್ಯ ಭವನದಲ್ಲಿರುವ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ನಿಮ್ಮ ಕಾಲೇಜಿನ ಮೂಲಕ ಅರ್ಜಿ ಬರೆಯಿರಿ. ಎಲ್ಲಿ, ಯಾವ ತಿಂಗಳು, ಎಷ್ಟು ಮಾದರಿ, ಕೊನೆಗೆ ಅವು ಎಲ್ಲಿ ಉಳಿಯುತ್ತವೆ ಎಂಬ ನಾಲ್ಕು ವಿಷಯ ಅರ್ಜಿಯಲ್ಲಿ ಸ್ಪಷ್ಟವಾಗಿರಲಿ.

ಉತ್ತರ ಬರುವಷ್ಟರಲ್ಲಿ ಸುಮ್ನೆ ಕೂರಬೇಕಿಲ್ಲ. ಈ ಕೆಲಸದ ಅರ್ಧ ಭಾಗಕ್ಕೆ ಯಾರ ಅಪ್ಪಣೆಯೂ ಬೇಡ. ನನ್ನ ಪ್ರಕಾರ ಜಾಸ್ತಿ ಮುಖ್ಯವಾದ ಅರ್ಧವೂ ಅದೇ.

ಮೀನಿನ ಮೂಳೆಗಳ ಪೆಟ್ಟಿಗೆ

ಹಿಕ್ಕೆಯಲ್ಲಿ ಸಿಗುವುದು ಮುರಿದ ಮುಳ್ಳು, ಹುರುಪೆ, ಬೆನ್ನುಮೂಳೆಯ ಮಣಿ. ಇವು ಯಾವ ಮೀನಿನವು ಎಂದು ಹೇಳಲು ಹೆಸರು ಗೊತ್ತಿರುವ ಮೀನಿನ ಮೂಳೆಗಳು ಪಕ್ಕದಲ್ಲಿರಬೇಕು. ಎಷ್ಟೋ ಜನ ಇದನ್ನು ಬಿಟ್ಟು ನೇರವಾಗಿ ಹಿಕ್ಕೆಗೆ ಕೈ ಹಾಕುತ್ತಾರೆ. ಆಮೇಲೆ ಎಲ್ಲದಕ್ಕೂ "ಮೀನು" ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಹಾಗೆ ಬರೆದರೆ ಹರಿಗೋಲಿನ ಆ ಹಿರಿಯರ ಪ್ರಶ್ನೆಗೆ ಉತ್ತರ ಸಿಕ್ಕಿತೇ?

ಕೆ.ಆರ್.ಎಸ್. ಹಿನ್ನೀರಿನ ಮೀನು ಮಾರುವವರ ಹತ್ತಿರ ಹೋಗಿ. ಕಟ್ಲಾ, ರೋಹು, ಸಾಮಾನ್ಯ ಗೆಂಡೆ, ಜಿಲೇಬಿ, ಕೊರವ, ಬಾಳೆ ಮೀನು, ಜೊತೆಗೆ ಸಿಕ್ಕಷ್ಟು ಸಣ್ಣ ಮೀನುಗಳು. ಜಿಲೇಬಿ ಅಂದರೆ ತಿಲಾಪಿಯಾ. 1952ರಲ್ಲಿ ನಮ್ಮ ದೇಶಕ್ಕೆ ತಂದದ್ದು, ಈಗ ಕೆರೆ ಹೊಳೆಗಳಲ್ಲೆಲ್ಲ ತುಂಬಿದೆ. ಒಂದೊಂದು ಜಾತಿಯಲ್ಲೂ ಬೆರಳುದ್ದದ್ದು, ಗೇಣುದ್ದದ್ದು, ಮೊಳದುದ್ದದ್ದು ಹೀಗೆ ಬೇರೆ ಬೇರೆ ಅಳತೆಯವು ಇರಲಿ. ಕಾವೇರಿಯ ಕಿತ್ತಳೆ ರೆಕ್ಕೆಯ ಮಹಶೀರ್ ಅಳಿವಿನ ಅಂಚಿನಲ್ಲಿದೆ. ಯಾರಾದರೂ ತಂದುಕೊಡುತ್ತೇನೆ ಅಂದರೂ ಬೇಡ ಅನ್ನಿ.

ಮನೆಗೆ ತಂದ ತಕ್ಷಣ ಮೂತಿಯಿಂದ ಬಾಲದ ತುದಿವರೆಗೆ ಅಳೆದು, ತೂಕ ಹಾಕಿ, ಒಂದು ಫೋಟೋ ತೆಗೆಯಿರಿ. ಮೈಯ ಮಾಂಸ ಸಾರಿಗೆ ಹೋಗಲಿ, ತಲೆ ಮತ್ತು ಬೆನ್ನುಮೂಳೆ ನಿಮಗಿರಲಿ. ಅವನ್ನು ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ. ಜೋರಾಗಿ ಕುದಿಸಿದರೆ ಸಣ್ಣ ಮೂಳೆಗಳು ಬಿಟ್ಟುಹೋಗುತ್ತವೆ. ಮಾಂಸ ಬಿಡಿಸಿ, ಸ್ವಲ್ಪ ಬಟ್ಟೆ ಸೋಪಿನ ಪುಡಿ ಹಾಕಿದ ಬೆಚ್ಚನೆ ನೀರಲ್ಲಿ ಒಂದು ದಿನ ನೆನೆಸಿ, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ ನೆರಳಲ್ಲಿ ಒಣಗಿಸಿ. ಬೆಕ್ಕಿಗೆ ಸಿಗದ ಜಾಗ ಹುಡುಕಿಕೊಳ್ಳಿ.

ಯಾವ ಮೂಳೆ ನೋಡಬೇಕು ಎಂಬುದು ಈ ಕೆಲಸದ ಜೀವಾಳ. ಸೀಲ್ ಅಭ್ಯಾಸ ಮಾಡುವವರು ಮೊದಲು ಹುಡುಕುವುದು ಕಿವಿಕಲ್ಲು. ಮೀನಿನ ತಲೆಯೊಳಗೆ, ಒಳಕಿವಿಯಲ್ಲಿ, ಸುಣ್ಣದ ಮೂರು ಜೊತೆ ಪುಟ್ಟ ಕಲ್ಲುಗಳಿರುತ್ತವೆ. ಕಡಲಿನ ಹೆಚ್ಚಿನ ಮೀನುಗಳಲ್ಲಿ ಅದರ ಒಂದು ಜೊತೆ ದೊಡ್ಡದಾಗಿರುತ್ತದೆ, ಒಂದೊಂದು ಜಾತಿಗೂ ಅದರ ಆಕಾರ ಬೇರೆ. ಕಲ್ಲು ಕಂಡರೆ ಮೀನಿನ ಹೆಸರು ಹೇಳಬಹುದು, ಉದ್ದ ಅಳೆದರೆ ಮೀನು ಎಷ್ಟು ದೊಡ್ಡದಿತ್ತು ಅಂತಲೂ ಅಂದಾಜು ಮಾಡಬಹುದು. ಕಲಿಯಲು ಜಿಲೇಬಿ ಮೀನು ಚೆನ್ನಾಗಿದೆ. ಕಣ್ಣಿನ ಹಿಂದೆ ತಲೆಯನ್ನು ಮೇಲಿನಿಂದ ಅಡ್ಡಕ್ಕೆ ಕೊಯ್ದು, ಮೆದುಳನ್ನು ಪಕ್ಕಕ್ಕೆ ಸರಿಸಿ. ಬುಡದಲ್ಲಿ ಎಡಕ್ಕೊಂದು ಬಲಕ್ಕೊಂದು ಬಿಳಿ ಕಲ್ಲು ಕಾಣುತ್ತದೆ. ಮೊದಲ ಸಲ ಅದು ಚಿಮಟಕ್ಕೆ ಸಿಕ್ಕಾಗ ಆಗುವ ಸಂತೋಷವನ್ನು ನನ್ನ ವಿದ್ಯಾರ್ಥಿಗಳ ಮುಖದಲ್ಲಿ ಎಷ್ಟು ಸಲ ನೋಡಿದರೂ ಸಾಕಾಗಿಲ್ಲ.

ಆದರೆ ಕಡಲಿನ ಪಾಠ ಹೊಳೆಗೆ ಪೂರ್ತಿ ಹೊಂದುವುದಿಲ್ಲ. ಗೆಂಡೆ ಜಾತಿಯ ಮೀನುಗಳಲ್ಲೂ ಮೀಸೆ ಮೀನುಗಳಲ್ಲೂ ಆ ದೊಡ್ಡ ಕಲ್ಲು ಇರಬೇಕಾದ ಕಡೆ ಸೂಜಿಯಂತೆ ತೆಳ್ಳಗಿನ ಚೂರು ಇರುತ್ತದೆ, ಮುಟ್ಟಿದರೆ ಮುರಿಯುತ್ತದೆ. ಕಾವೇರಿಯಲ್ಲಿ ಜಾಸ್ತಿ ಇರುವುದು ಇಂಥ ಮೀನುಗಳೇ. ಹಾಗಾಗಿ ನಾವು ಬೇರೆ ಗುರುತು ಹಿಡಿಯಬೇಕು.

ಗೆಂಡೆ ಜಾತಿಗೆ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಕಿವಿರುಗಳ ಹಿಂದೆ ಕೈ ಹಾಕಿದರೆ ಬಿಲ್ಲಿನಂತೆ ಬಾಗಿದ ಎರಡು ಮೂಳೆ ಸಿಗುತ್ತವೆ, ಹಲ್ಲುಗಳು ಅದರ ಮೇಲಿವೆ. ಸಾಮಾನ್ಯ ಗೆಂಡೆಯವು ನಮ್ಮ ದವಡೆ ಹಲ್ಲಿನ ಹಾಗೆ ಚಪ್ಪಟೆ. ನೀರುನಾಯಿಯ ಹೊಟ್ಟೆ ಹಾದು ಬಂದ ಮೇಲೂ ಇವು ಗಟ್ಟಿಯಾಗಿ ಉಳಿಯುತ್ತವೆ. ಮೀಸೆ ಮೀನುಗಳಿಗೆ ಹುರುಪೆ ಇಲ್ಲ. ಅವುಗಳಲ್ಲಿ ಹಲವಕ್ಕೆ ಎದೆಯ ಈಜುರೆಕ್ಕೆಯ ಮುಂದೆ ಗಟ್ಟಿ ಮುಳ್ಳು, ಅದರ ಅಂಚಿನಲ್ಲಿ ಗರಗಸದ ಹಲ್ಲು. ಬಾಳೆ ಮೀನಿನ ದವಡೆಯ ತುಂಬ ಸಣ್ಣ ಚೂಪು ಹಲ್ಲುಗಳು ಪಟ್ಟಿಯಾಗಿ ಕೂತಿರುತ್ತವೆ. ಜಿಲೇಬಿಯ ಬೆನ್ನಿನ ರೆಕ್ಕೆಯ ಮುಳ್ಳುಗಳು ಗಟ್ಟಿ, ಚೂಪು. ಏಡಿಯ ಚಿಪ್ಪು, ಕೊಂಡಿಯ ತುದಿ ಕಂಡರೆ ಅನುಮಾನವೇ ಬೇಡ. ಕಪ್ಪೆಯ ಕಾಲಿನ ಮೂಳೆ ಉದ್ದ, ಒಳಗೆ ಟೊಳ್ಳು, ಮೀನಿನ ಮುಳ್ಳಿನ ಹಾಗೆ ಮೊನಚಾಗುವುದಿಲ್ಲ.

ಒಂದೊಂದು ಮೀನಿನ ಭಾಗಗಳನ್ನು ಒಂದೊಂದು ಬೆಂಕಿಪೊಟ್ಟಣದಲ್ಲಿ ಹಾಕಿ ಹೆಸರು, ಉದ್ದ, ತೂಕ, ತಂದ ಜಾಗ, ದಿನ ಬರೆಯಿರಿ. ಪೆನ್ಸಿಲಿನಲ್ಲೇ ಬರೆಯಿರಿ. ನಾನು ಮೊದಲ ವರ್ಷ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆದಿದ್ದೆ. ಒದ್ದೆ ಕೈ ತಾಗಿ ಹದಿನಾರು ಡಬ್ಬಿಯ ಹೆಸರು ಅಳಿಸಿಹೋಯಿತು. ಹೆಸರಿಲ್ಲದ ಮೂಳೆಯಿಂದ ಏನೂ ಉಪಯೋಗವಿಲ್ಲ, ಅಷ್ಟನ್ನೂ ಮತ್ತೆ ಮಾಡಬೇಕಾಯಿತು.

ಹೊಳೆಗೆ ಹೋಗುವ ಕಾಲ

ಫೆಬ್ರವರಿಯಿಂದ ಮೇವರೆಗೆ ನೀರು ಇಳಿದು ಬಂಡೆ, ಮರಳು ದಿಬ್ಬಗಳು ಎದ್ದು ಕಾಣುತ್ತವೆ. ಮಳೆ ಹಿಡಿದು ಕೆ.ಆರ್.ಎಸ್.ನಿಂದ ನೀರು ಬಿಟ್ಟರೆ ರಂಗನತಿಟ್ಟಿನ ನಡುಗಡ್ಡೆಗಳೇ ಮುಳುಗುತ್ತವೆ, ಇನ್ನು ಹಿಕ್ಕೆ ಎಲ್ಲಿ ಉಳಿದೀತು! ಬೇಸಿಗೆಯಲ್ಲಿ ಮಾತ್ರ ಸಂಗ್ರಹಿಸಿದರೆ ನಿಮ್ಮ ಉತ್ತರವೂ ಬೇಸಿಗೆಯ ಊಟದ್ದು. ವರದಿಯಲ್ಲಿ ಹಾಗೆಂದೇ ಬರೆಯಬೇಕು.

ನೀರುನಾಯಿಗಳು ಹಿಕ್ಕೆ ಹಾಕುವುದು ಬಯಲಲ್ಲಿ: ನೀರಿನ ಪಕ್ಕದ ದೊಡ್ಡ ಬಂಡೆ, ಮರಳ ದಿಬ್ಬದ ತುದಿ, ಬಿಲದ ಆಸುಪಾಸು. ಇಡೀ ಗುಂಪು ಒಂದೇ ಕಡೆ ಹಾಕುತ್ತದೆ. ಹೊಸದು ಕಪ್ಪಗೆ, ಜಿಗುಟಾಗಿ, ಮೀನೆಣ್ಣೆಯ ವಾಸನೆ ಹೊಡೆಯುತ್ತದೆ. ಒಣಗಿದರೆ ಬೂದು ಬಣ್ಣ, ಮುಟ್ಟಿದರೆ ಹುರುಪೆ ಮುಳ್ಳುಗಳಾಗಿ ಉದುರುತ್ತದೆ. ಪಕ್ಕದ ಮರಳಲ್ಲಿ ಐದು ಬೆರಳಿನ ಹೆಜ್ಜೆ, ಬೆರಳ ನಡುವೆ ಪೊರೆಯ ಗುರುತು, ಕೆಲವೊಮ್ಮೆ ಬಾಲ ಎಳೆದ ಗೆರೆ ಕಂಡರೆ ನಂಬಬಹುದು.

ಮೋಸ ಹೋಗುವುದು ಸುಲಭ. ನೀರುಕಾಗೆ ತಿಂದ ಮೀನಿನ ಮೂಳೆಗಳನ್ನು ಲೋಳೆ ಸುತ್ತಿದ ಉಂಡೆಯಾಗಿ ಬಾಯಿಂದಲೇ ಕಕ್ಕುತ್ತದೆ. ಅದರೊಳಗೂ ಹುರುಪೆ, ಮುಳ್ಳು, ಕಿವಿಕಲ್ಲು ಇರುತ್ತವೆ. ರಂಗನತಿಟ್ಟಿನ ಸುತ್ತ ನೀರುಕಾಗೆಗೆ ಬರವೇ? ಮರದ ಕೆಳಗೆ, ಬಿಳಿ ಪಿಕ್ಕೆಯ ನಡುವೆ ಸಿಕ್ಕ ಉಂಡೆಯನ್ನು ಬಿಟ್ಟುಬಿಡಿ. ಮೊಸಳೆಯದು ಸುಣ್ಣದ ಹಾಗೆ ಬೆಳ್ಳಗೆ ಒಣಗುತ್ತದೆ, ಮೂಳೆ ಅದರಲ್ಲಿ ಉಳಿಯುವುದೇ ಅಪರೂಪ. ಮುಂಗುಸಿ, ಕಾಡುಬೆಕ್ಕಿನದರಲ್ಲಿ ಕೂದಲು ಜಾಸ್ತಿ.

ಮೊಸಳೆಯ ಮಾತು ಬಂತು. ಹೊಳೆಯ ಈ ಭಾಗದಲ್ಲಿ ಮೊಸಳೆಗಳಿವೆ. ಒಬ್ಬರೇ ಹೋಗಬೇಡಿ. ಮಾದರಿಗಾಗಿ ನೀರಿಗೆ ಇಳಿಯಲೇಬೇಡಿ, ಮೊಣಕಾಲುದ್ದ ನೀರಾದರೂ ಸರಿ. ನೀರು ಬಿಡುವ ಸೂಚನೆ ಇದೆಯೇ ಎಂದು ಕೇಳಿಕೊಂಡೇ ಹೊರಡಿ. ಮರಿಗಳಿರುವ ಬಿಲದ ಬಾಯಿಗೆ ಹೋಗಬೇಡಿ. ತಾಯಿ ಕೂಗಿ ಎಚ್ಚರಿಸಿದರೆ ಅಂದಿನ ಕೆಲಸ ಅಲ್ಲಿಗೆ ಮುಗಿಯಿತು, ವಾಪಸ್ ಬನ್ನಿ.

ಮೊದಲ ಭೇಟಿಯಲ್ಲಿ ಹಳೆಯದೆಲ್ಲವನ್ನೂ ಫೋಟೋ ತೆಗೆದು, ಚಿಕ್ಕ ಕಲ್ಲಿಟ್ಟು ಗುರುತು ಮಾಡಿ. ಹದಿನೈದು ದಿನ ಬಿಟ್ಟು ಹೋದಾಗ ಗುರುತಿಲ್ಲದ್ದು ಹೊಸದು. ಹೀಗೆ ಮಾಡಿದರೆ ಪ್ರತಿ ಮಾದರಿಯೂ ಯಾವ ಹದಿನೈದು ದಿನದ್ದು ಎಂದು ಗೊತ್ತಿರುತ್ತದೆ. ಕೈಗವಸು, ಮಾಸ್ಕ್ ಹಾಕಿಕೊಳ್ಳಿ. ಹಿಕ್ಕೆಯಲ್ಲಿ ಹುಳುವಿನ ಮೊಟ್ಟೆಗಳಿರಬಹುದು. ಒಂದು ಗುಡ್ಡೆಗೆ ಒಂದು ಚೀಲ, ಒಳಗೆ ಪೆನ್ಸಿಲಿನಲ್ಲಿ ಬರೆದ ಚೀಟಿ, ಫೋನಿನಲ್ಲಿ ಜಾಗದ ಗುರುತು. ಪೂರ್ತಿ ಬಾಚಿಕೊಳ್ಳಬೇಡಿ, ಅರ್ಧ ಅಲ್ಲೇ ಇರಲಿ. ನೀರುನಾಯಿಗಳು ಆ ವಾಸನೆಯಿಂದಲೇ ಒಂದಕ್ಕೊಂದು ಸುದ್ದಿ ಹೇಳಿಕೊಳ್ಳುತ್ತವೆ.

ತೊಳೆಯುವುದು, ಹೆಕ್ಕುವುದು

ಅಮೆರಿಕದ ಕೆಲವು ಸೀಲ್ ಸಂಶೋಧಕರು ಹಿಕ್ಕೆಯನ್ನು ಸಣ್ಣ ಕಣ್ಣಿನ ನೈಲಾನ್ ಚೀಲದಲ್ಲಿ ಕಟ್ಟಿ ವಾಷಿಂಗ್ ಮಷೀನಿಗೆ ಹಾಕುತ್ತಾರೆ. ನೂರಾರು ಮಾದರಿ ಇರುವವರಿಗೆ ಅದು ಸರಿ. ನಮಗೆ ಬಕೆಟ್ ಸಾಕು. ಒಂದು ಚಮಚ ಸೋಪಿನ ಪುಡಿ ಹಾಕಿದ ನೀರಲ್ಲಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಹಾಕಿ ಕೊಳಾಯಿಯ ಸಣ್ಣ ಧಾರೆಗೆ ಹಿಡಿಯಿರಿ. ಕೈಯಿಂದ ತಿಕ್ಕಬೇಡಿ, ನೀರೇ ತೊಳೆಯಲಿ. ಮೇಲೆ ರವೆ ಜರಡಿ ಇಟ್ಟರೆ ದೊಡ್ಡ ಮೂಳೆಗಳು ಮೊದಲೇ ಬೇರೆಯಾಗುತ್ತವೆ. ಈ ಜರಡಿಗಳು ಮತ್ತೆ ಅಡುಗೆಮನೆಗೆ ಹೋಗಬಾರದು, ಅದಕ್ಕೇ ಬೇರೆ ಕೊಂಡುಕೊಳ್ಳಿ.

ಉಳಿದದ್ದನ್ನು ಕಪ್ಪು ಕಾಗದದ ಮೇಲೆ ಒಣಗಿಸಿ, ಹತ್ತು ಪಟ್ಟು ಹಿಗ್ಗಿಸುವ ಮಸೂರ ಹಿಡಿದು ಕೂತುಕೊಳ್ಳಿ. ಹುರುಪೆ ಒಂದು ಕಡೆ, ಮಣಿ ಒಂದು ಕಡೆ, ಹಲ್ಲು, ಮುಳ್ಳು, ಏಡಿ ಚಿಪ್ಪು, ಗರಿ ಬೇರೆ ಬೇರೆ. ಈಗ ನಿಮ್ಮ ಬೆಂಕಿಪೊಟ್ಟಣಗಳನ್ನು ತೆರೆಯಿರಿ. ಒಂದು ಮಾದರಿಗೆ ಎರಡು ಗಂಟೆ ಹಿಡಿದರೂ ಬೇಸರ ಮಾಡಿಕೊಳ್ಳಬೇಡಿ. ಹತ್ತನೆಯದು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಗೊತ್ತಾಗದ ಮೂಳೆಗೆ ಊಹೆಯ ಹೆಸರು ಕೊಡಬೇಡಿ. "ಗುರುತು ಸಿಗದ ಮೀನು 1" ಎಂದು ಬರೆದು ಎತ್ತಿಡಿ.

ಮೀನಿನ ಅಳತೆಯೂ ಬೇಕೆಂದರೆ ನಿಮ್ಮ ಪೆಟ್ಟಿಗೆಯ ಜಿಲೇಬಿಗಳ ಕತ್ತಿನ ಮೊದಲ ಮಣಿಯ ಅಗಲವನ್ನೂ ಮೀನಿನ ಉದ್ದವನ್ನೂ ಗ್ರಾಫ್ ಹಾಳೆಯಲ್ಲಿ ಗುರುತಿಸಿ ಗೆರೆ ಎಳೆಯಿರಿ. ಹಿಕ್ಕೆಯಲ್ಲಿ ಅದೇ ಮಣಿ ಸಿಕ್ಕರೆ ಗೆರೆ ನೋಡಿ ಉದ್ದ ಹೇಳಬಹುದು. ಬಲೆಗೆ ಬೀಳುವ ಅಳತೆಯ ಮೀನೇ, ಬಲೆಯ ಕಣ್ಣಲ್ಲಿ ನುಸುಳಿಹೋಗುವ ಪುಡಿ ಮೀನೇ ಎಂಬುದು ಬೆಸ್ತರಿಗೆ ತುಂಬಾ ಮುಖ್ಯವಾದ ಮಾತು.

ಲೆಕ್ಕ

ಅತಿ ಸರಳ ಲೆಕ್ಕ ಇದು: ಎಷ್ಟು ಮಾದರಿಗಳಲ್ಲಿ ಆ ಆಹಾರ ಸಿಕ್ಕಿತು? ಬರೀ ಉದಾಹರಣೆಗೆ, 50 ಮಾದರಿ ಇವೆ ಅನ್ನಿ. 35ರಲ್ಲಿ ಜಿಲೇಬಿ ಇದ್ದರೆ ಶೇಕಡಾ 70, 20ರಲ್ಲಿ ಏಡಿ ಇದ್ದರೆ ಶೇಕಡಾ 40. ಒಂದೇ ಮಾದರಿಯಲ್ಲಿ ಎರಡೂ ಇರಬಹುದು, ಆದ್ದರಿಂದ ಕೂಡಿದರೆ ನೂರು ದಾಟುತ್ತದೆ. ಅದು ತಪ್ಪಲ್ಲ. ಎಷ್ಟು ಮಾದರಿ ಸಾಕು ಎಂದು ತಿಳಿಯಲು ಪ್ರತಿ ಐದು ಮಾದರಿಗೊಮ್ಮೆ ಒಟ್ಟು ಎಷ್ಟು ಬಗೆಯ ಆಹಾರ ಸಿಕ್ಕಿದೆ ಎಂದು ಗ್ರಾಫ್ ಹಾಕಿ. ಗೆರೆ ಏರುತ್ತಲೇ ಇದ್ದರೆ ಇನ್ನೂ ಬೇಕು, ಮಟ್ಟಸವಾದರೆ ಸಾಕು.

ಈ ಲೆಕ್ಕ ಎಲ್ಲಿ ದಾರಿ ತಪ್ಪಿಸುತ್ತದೆ ಎಂದು ಸೀಲ್‌ಗಳಿಂದ ಗೊತ್ತಾಗಿದೆ. ಸಾಕಿದ ಸೀಲ್‌ಗಳಿಗೆ ಎಣಿಸಿ ಮೀನು ತಿನ್ನಿಸಿ, ಹಿಕ್ಕೆಯಲ್ಲಿ ಎಷ್ಟು ಕಿವಿಕಲ್ಲು ಹೊರಬಂತು ಎಂದು ನೋಡಿದ್ದಾರೆ. ತಿನ್ನಿಸಿದಷ್ಟು ಬರಲಿಲ್ಲ. ಸಣ್ಣವು ಹೊಟ್ಟೆಯ ಆಮ್ಲದಲ್ಲಿ ಕರಗಿದವು, ಉಳಿದವೂ ಸವೆದು ಚಿಕ್ಕದಾಗಿದ್ದವು. ಸವೆದ ಕಲ್ಲನ್ನು ಅಳೆದರೆ ಮೀನು ಚಿಕ್ಕದಿತ್ತು ಎಂದೇ ಅನಿಸುತ್ತದೆ. ದೊಡ್ಡ ಸಾಲ್ಮನ್ ಹಿಡಿದ ಸೀಲ್ ಕೆಲವೊಮ್ಮೆ ತಲೆ ಬಿಟ್ಟು ಮೈ ಮಾತ್ರ ತಿನ್ನುತ್ತದೆ. ಆಗ ಕಿವಿಕಲ್ಲು ಹೊಟ್ಟೆಗೇ ಹೋಗುವುದಿಲ್ಲ. ಇನ್ನೊಂದು ತೊಡಕು ಇದೆ. ಕೊರವ ನುಂಗಿದ್ದ ಪುಡಿ ಮೀನಿನ ಮೂಳೆಯೂ ಕೊರವವನ್ನು ತಿಂದ ನೀರುನಾಯಿಯ ಹಿಕ್ಕೆಯಲ್ಲಿ ಬರುತ್ತದೆ.

ಇಷ್ಟೆಲ್ಲ ಇರುವುದರಿಂದ "ದಿನಕ್ಕೆ ಎಷ್ಟು ಕೆಜಿ ತಿನ್ನುತ್ತದೆ" ಎಂಬುದಕ್ಕೆ ಹಿಕ್ಕೆಯಿಂದ ಉತ್ತರ ಹೇಳಬೇಡಿ, ಯಾರು ಎಷ್ಟು ಒತ್ತಾಯ ಮಾಡಿದರೂ. ಏನು ತಿನ್ನುತ್ತದೆ, ಯಾವುದು ಪದೇ ಪದೇ ಬರುತ್ತದೆ ಎಂಬಷ್ಟಕ್ಕೆ ಅದು ಒಳ್ಳೆಯ ಸಾಕ್ಷಿ.

ಕಣ್ಣಿಗೆ ಕಾಣುವುದನ್ನೂ ಸೇರಿಸಿ

ಬೆಳಗಿನ ಜಾವ, ಇಲ್ಲವೇ ಸಂಜೆ ದಡದ ಮರದ ಮರೆಯಲ್ಲಿ ದುರ್ಬೀನು ಹಿಡಿದು ಕೂತರೆ ಹಿಕ್ಕೆ ಹೇಳದ ಕೆಲವು ವಿಷಯ ಕಾಣುತ್ತವೆ. ಗುಂಪು ಸಾಲಾಗಿ ಹರಡಿಕೊಂಡು ಮೀನನ್ನು ಅಟ್ಟುತ್ತದೆ. ಸಣ್ಣ ಮೀನನ್ನು ನೀರಲ್ಲೇ ತಲೆಯೆತ್ತಿ ಅಗಿದು ಮುಗಿಸುತ್ತದೆ, ದೊಡ್ಡದನ್ನು ಬಂಡೆಗೆ ಎಳೆದು ತರುತ್ತದೆ. ಎಷ್ಟು ಹೊತ್ತು ಮುಳುಗಿತ್ತು, ಎಷ್ಟು ಸಲ ಮೀನಿನೊಂದಿಗೆ ಎದ್ದಿತು, ಬಲೆಯ ಹತ್ತಿರ ಬಂತೇ, ಬಲೆಯಿಂದ ಕಿತ್ತಿತೇ? ಗಡಿಯಾರ ನೋಡಿ ಬರೆದುಕೊಳ್ಳಿ. ಬಲೆ ಹರಿಯುವ ನಷ್ಟವನ್ನು ಮೀನು ತಿನ್ನುವ ನಷ್ಟದ ಜೊತೆ ಸೇರಿಸದೆ ಬೇರೆಯಾಗಿ ಬರೆಯಿರಿ. ಬೆಸ್ತರ ದೂರು ಹಲವು ಸಲ ಬಲೆಯದೇ ಆಗಿರುತ್ತದೆ. ಒಂದು ಬಲೆಯ ಬೆಲೆ ಅವರ ಮನೆಗೆ ಸಣ್ಣ ಮಾತಲ್ಲ.

ಅದೇ ವಾರಗಳಲ್ಲಿ ಹರಿಗೋಲು ದಡಕ್ಕೆ ಬರುವ ಹೊತ್ತಿಗೆ ನಿಂತು, ಕೇಳಿಕೊಂಡು, ಅವರ ಬುಟ್ಟಿಯಲ್ಲಿ ಯಾವ ಮೀನು ಎಷ್ಟಿದೆ ಎಂದೂ ಬರೆದುಕೊಳ್ಳಿ. ಹೊಳೆಯಲ್ಲಿ ಏನಿದೆ ಎಂದು ತಿಳಿಯದೆ ನೀರುನಾಯಿಗೆ ಜಿಲೇಬಿ ಇಷ್ಟ ಎನ್ನುವಂತಿಲ್ಲ. ಹೊಳೆಯ ತುಂಬ ಅದೇ ಇದ್ದರೆ ಅದನ್ನೇ ತಿನ್ನುತ್ತದೆ, ಅಲ್ವಾ?

ಇನ್ನೂ ದೊಡ್ಡ ವಿಧಾನಗಳಿವೆ. ಸೀಲ್‌ಗಳ ಮೀಸೆಯ ಒಂದು ಕೂದಲಲ್ಲಿ ಭಾರವಾದ ಬಗೆಯ ಸಾರಜನಕ ಎಷ್ಟಿದೆ ಎಂದು ಅಳೆದು ಅದು ಆಹಾರ ಸರಪಳಿಯ ಯಾವ ಮೆಟ್ಟಿಲಲ್ಲಿ ಉಣ್ಣುತ್ತಿತ್ತು ಎನ್ನುತ್ತಾರೆ. ಚರ್ಮದ ಕೆಳಗಿನ ಕೊಬ್ಬಿನ ಬಗೆ ನೋಡಿ ತಿಂಗಳುಗಳ ಊಟ ಹೇಳುತ್ತಾರೆ. ಹಿಕ್ಕೆಯ ಡಿಎನ್‌ಎಯಿಂದ ಮೂಳೆ ಬಿಡದ ಮೆತ್ತನೆಯ ಆಹಾರವನ್ನೂ ಹಿಡಿಯುತ್ತಾರೆ. ನಿಮ್ಮ ವಿಶ್ವವಿದ್ಯಾಲಯದಲ್ಲಿ ಪ್ರಯೋಗಾಲಯ ಇದ್ದರೆ ಪ್ರತಿ ಮಾದರಿಯಿಂದ ಕಡಲೆಕಾಳಿನಷ್ಟನ್ನು ತೊಳೆಯುವ ಮೊದಲೇ ಶುದ್ಧ ಆಲ್ಕೋಹಾಲಿನಲ್ಲಿ ಎತ್ತಿಡಿ. ರಸ್ತೆಯಲ್ಲಿ ಸತ್ತ ನೀರುನಾಯಿ ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ. ಅದರ ಹೊಟ್ಟೆ, ಮೀಸೆ ನೋಡುವ ಹಕ್ಕು ಅವರದು.

ಎಲ್ಲ ಮುಗಿದ ಮೇಲೆ ವರದಿಯ ಒಂದು ಪ್ರತಿ ಅನುಮತಿ ಕೊಟ್ಟ ಕಚೇರಿಗೆ ಹೋಗಲಿ. ಹೆಕ್ಕಿದ ಮೂಳೆಗಳನ್ನು ಗಾಜಿನ ಮುಚ್ಚಳದ ತಟ್ಟೆಯಲ್ಲಿ ಜೋಡಿಸಿಕೊಂಡು, ಮಸೂರವನ್ನೂ ಹಿಡಿದು, ಹರಿಗೋಲು ಬಂದು ನಿಲ್ಲುವ ಹೊತ್ತಿಗೆ ಹೊಳೆದಂಡೆಗೆ ಹೋಗಿ. ಒಂದೊಂದನ್ನೂ ತೋರಿಸಿ. ನಮ್ಮ ಹಿರಿಯರು ಮಸೂರ ಬೇಡವೆಂದು ಪಕ್ಕಕ್ಕಿಟ್ಟು, ತಟ್ಟೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದು, ನಾನು ಒಂದೇ ಜಾತಿ ಎಂದು ಬರೆದಿದ್ದ ಎರಡು ಮುಳ್ಳುಗಳನ್ನು ಬೇರೆ ಬೇರೆ ಎಂದು ತೋರಿಸಿದರು. "ಇದು ಕಲ್ಲಲ್ಲಿ ಇರೋದು, ಇದು ಕೆಸರಲ್ಲಿ ಇರೋದು" ಅಂದರು. ನನ್ನ ಪಟ್ಟಿಯನ್ನು ಅಲ್ಲೇ ಕೂತು ತಿದ್ದಿಕೊಂಡೆ. ಮರುವಾರ ಅವರು ಆ ಎರಡೂ ಮೀನುಗಳನ್ನು ಎಲೆಯಲ್ಲಿ ಸುತ್ತಿ ತಂದುಕೊಟ್ಟರು. ಅವುಗಳ ಮೂಳೆ ಈಗ ನನ್ನ ಪೆಟ್ಟಿಗೆಯಲ್ಲಿ, ಅವರು ಹೇಳಿದ ಹೆಸರಿನಲ್ಲೇ ಇವೆ.